ಮೂರು ಹಸಿರು ಚುಕ್ಕಿ

ಫೆಡ್ಡೆಲ್ ಬಡಾವಣೆಯ ಮಕ್ಕಳ ಪ್ರಯೋಗಶಾಲೆ ಬೇಸಿಗೆ ರಜೆಯ ನಂತರವೂ ತೆರೆದಿರಬೇಕು. ವೀಬ್ಕೆ ಹಾರ್ಮ್ಸ್ ಕೇಳಲು ಬಂದದ್ದು ಅಷ್ಟನ್ನೇ. ಹನ್ನೊಂದು ವರ್ಷದಿಂದ ಅದನ್ನು ನಡೆಸುತ್ತಿದ್ದವಳು ಅವಳು. ಖರ್ಚು ಟಿಂಬೋರ್ಗ್ ಪ್ರತಿಷ್ಠಾನದ್ದು. ಮುಚ್ಚುವ ಸುದ್ದಿ ಕಿವಿಗೆ ಬಿದ್ದಾಗ ಪತ್ರ ಬರೆದಳು. ಪ್ರತಿಷ್ಠಾನ ಉತ್ತರ ಕೊಡಲಿಲ್ಲ, ನಾಗರಿಕ ಸಂವಾದಕ್ಕೆ ಕರೆಯಿತು.

ಬಂದರಿಗೆ ಮುಖ ಮಾಡಿದ ಸಭಾಂಗಣದಲ್ಲಿ ಮೂವತ್ತು ಜನ. ಸಂವಾದ ನಡೆಸುವ ಸ್ವೆನ್ಯಾ ಎಲ್ಲರಿಗೂ ಬಣ್ಣದ ಚೀಟಿ ಹಂಚಿದಳು.

"ಒಂದು ಚೀಟೀಲಿ ಮೂರೇ ಪದ. ದಪ್ಪಕ್ಷರದಲ್ಲಿ ಬರೀರಿ, ಹಿಂದೆ ಕೂತವ್ರಿಗೂ ಕಾಣ್ಬೇಕು."

'ಪ್ರಯೋಗಶಾಲೆ ಮುಚ್ಚಬೇಡಿ' ಎಂದು ವೀಬ್ಕೆ ಬರೆದಳು. ಪಕ್ಕದಲ್ಲಿದ್ದ ಯೆನ್ಸ್, ನಿವೃತ್ತ ಕ್ರೇನ್ ಚಾಲಕ, ಬಗ್ಗಿ ನೋಡಿದ.

"ಇನ್ನೊಂದು ಪದ ಉಳೀತಲ್ಲೇ. ದಯವಿಟ್ಟು ಅಂತ ಹಾಕು."

"ಅದನ್ನ ಪತ್ರದಲ್ಲೇ ಖರ್ಚು ಮಾಡ್ಬಿಟ್ಟೆ, ಯೆನ್ಸ್."

ಸ್ವೆನ್ಯಾ ಚೀಟಿಗಳನ್ನು ಹಲಗೆಗೆ ಚುಚ್ಚಿ ಗುಂಪು ಮಾಡಿದಳು. ವೀಬ್ಕೆಯದನ್ನು ಹಿಡಿದು ಒಂದು ಗಳಿಗೆ ನಿಂತಳು.

"ಇದೂ ಮಕ್ಕಳ ನಾಳೆಯ ವಿಚಾರ ತಾನೆ?"

'ಕಲಿಕೆಯ ಹೊಸ ದಾರಿಗಳು' ಎಂಬ ಶೀರ್ಷಿಕೆಯ ಕೆಳಗೆ ಅದು ಹೋಯಿತು. ವೀಬ್ಕೆಗೆ ತಪ್ಪೇನೂ ಕಾಣಲಿಲ್ಲ. ಆಮೇಲೆ ತಲೆಗೆ ಮೂರರಂತೆ ಹಸಿರು ಚುಕ್ಕಿ ಬಂತು, ಮುಖ್ಯ ಅನಿಸಿದಲ್ಲಿ ಅಂಟಿಸಲು. ತನ್ನ ಮೂರನ್ನೂ ಅಲ್ಲೇ ಅಂಟಿಸಿದಳು. ಯೆನ್ಸ್‌ನನ್ನು, ಫೆಡ್ಡೆಲ್‌ನಿಂದ ಬಂದಿದ್ದ ಆರು ತಾಯಂದಿರನ್ನು ಕೈಹಿಡಿದು ಕರೆತಂದಳು.

"ಇಲ್ಲಿ, ಇಲ್ಲಿ. ನಮ್ಮ ಚೀಟಿ ಇಲ್ಲಿದೆ."

ಆ ಶೀರ್ಷಿಕೆಗೇ ಎಲ್ಲಕ್ಕಿಂತ ಹೆಚ್ಚು ಚುಕ್ಕಿ. ಜನ ಬೆರಳ ಗೆಣ್ಣಿನಿಂದ ಮೇಜು ತಟ್ಟಿ ಮೆಚ್ಚಿದರು. ಪ್ರತಿಷ್ಠಾನದ ನಿರ್ದೇಶಕ ಟೀಡೆಮಾನ್ ಎದ್ದು ನಿಂತರು.

"ಜನ ಇಷ್ಟು ಸ್ಪಷ್ಟವಾಗಿ ಹೇಳಿದ್ಮೇಲೆ ನಮಗೇನು ಕೆಲಸ? ಹೊಸ ದಾರಿ ಬೇಕಂತೆ. ಫೆಡ್ಡೆಲ್‌ನ ಪ್ರಯೋಗಶಾಲೆ ಜುಲೈಗೆ ಮುಗಿಯತ್ತೆ. ಅದರ ಬದಲು ಶಾಲೆ ಶಾಲೆ ಸುತ್ತೋ ವಿಜ್ಞಾನದ ಬಸ್ಸು."

"ನಾವು ಚುಕ್ಕಿ ಹಾಕಿದ್ದು ಅದಕ್ಕಲ್ಲ," ವೀಬ್ಕೆ ಎದ್ದಳು. "ಕೆಳಗಿರೋ ಚೀಟಿ ಓದಿ."

"ಚುಕ್ಕಿ ಲೆಕ್ಕಕ್ಕೆ ಬರೋದು ಶೀರ್ಷಿಕೆಗೆ, ಫ್ರಾವ್ ಹಾರ್ಮ್ಸ್. ನಿಯಮ ಎಲ್ಲರಿಗೂ ಒಂದೇ. ನೀವು ಬಂದಿದ್ದು ಎಷ್ಟು ಒಳ್ಳೇದಾಯ್ತು!"

ಅವಳು ಹಲಗೆಯ ಬಳಿ ಹೋಗಿ ತನ್ನ ಚೀಟಿಯ ಗುಂಡುಸೂಜಿ ಕಿತ್ತಳು. ಯಾರೂ ತಡೆಯಲಿಲ್ಲ.

"ತಗೊಳ್ಳಿ, ಪರವಾಗಿಲ್ಲ," ಎಂದಳು ಸ್ವೆನ್ಯಾ ಮೃದುವಾಗಿ. "ವರದಿಗೆ ಫೋಟೊ ತೆಗೆದಾಯ್ತು."

ಬಾಗಿಲ ಬಳಿ ತಾಯಂದಿರು ಕೋಟು ತೊಡುತ್ತಿದ್ದರು. ಅವರಲ್ಲಿ ನುರ್ತೆನ್‌ಗೆ ಟೀಡೆಮಾನರ ವೇಗದ ಜರ್ಮನ್ ಅರ್ಥವಾಗಿರಲಿಲ್ಲ. ಅವಳು ವೀಬ್ಕೆಯ ತೋಳು ಹಿಡಿದಳು.

"ಗೆದ್ವಲ್ಲಾ ಟೀಚರ್! ನಮ್ಮ ಕಡೇನೇ ಜಾಸ್ತಿ ಚುಕ್ಕಿ."

ವೀಬ್ಕೆ ಅವಳ ಕೋಟಿನ ಗುಂಡಿ ಹಾಕಿಕೊಟ್ಟಳು, ಒಂದೊಂದಾಗಿ, ಕುತ್ತಿಗೆಯವರೆಗೆ.