ಬಾಣಂತಿ ಕೋಣೆಯ ತೂತು

ನರಗುಂದದ ಆ ಮನೆಯ ಒಳಕೋಣೆಯ ಗೋಡೆಗಳು ವರ್ಷವಿಡೀ ಹಸಿಯಾಗಿರುತ್ತಿದ್ದವು. ಮಗಳು ಉಮಾ ಗಾಳಿಯ ತೇವ ಹೀರುವ ಮಶೀನು ತಂದಿಟ್ಟು ಹೋದಳು. ಅದರ ಡಬ್ಬಿ ದಿನಕ್ಕೆರಡು ಸಲ ತುಂಬುತ್ತಿತ್ತು. ಎತ್ತಿ ಚೆಲ್ಲಿ ಚೆಲ್ಲಿ ಶಿವನಪ್ಪನ ಸೊಂಟ ಹಿಡಿದುಕೊಂಡಿತು.

"ಒಂದು ಪೈಪ್ ಹಚ್ಚಿಬಿಡ್ರಿ ಅಪ್ಪಾ, ನೀರು ತಾನ ಹೊರಗ ಹೋಗತೈತಿ" ಎಂದಳು ಉಮಾ ಫೋನಿನಲ್ಲಿ.

ಶಿವನಪ್ಪ ಹಚ್ಚಿದ. ಆದರೆ ಪೂಜೆ ಮಾಡುವ ಹೊಸ್ತಿಲ ಮೇಲೆ ಪೈಪು ಮಲಗಿಸಲು ಮನಸ್ಸಾಗದೆ, ಅದನ್ನು ಬಾಗಿಲ ಚಿಲಕಕ್ಕೆ ಎತ್ತಿ ಕಟ್ಟಿ ಹೊರಗೆ ಬಿಟ್ಟ. ನೀರು ಹಿಂದಕ್ಕೆ ಬಂದು ಕೋಣೆಯ ತುಂಬ ಹರಿಯಿತು.

"ಮೂವತ್ತ ವರ್ಷ ಹೊಲಕ್ಕ ಕಾಲುವಿ ನೀರು ಹಾಯಿಸಿದವ್ರು ನೀವು! ನೀರು ಎಲ್ಲೆರೆ ಏರು ಹತ್ತತೈತೇನ್ರಿ?" ಹೆಂಡತಿ ಪುಷ್ಪಾವತಿ ನಕ್ಕಳು.

ಸಿಟ್ಟು ನುಂಗಿ ನೆಲ ಒರೆಸುತ್ತಿದ್ದವನು ನೋಡಿದ: ನೀರು ತಾನಾಗಿಯೇ ಒಂದು ಮೂಲೆಗೆ ಹೋಗಿ ನಿಂತಿತ್ತು. ಅಲ್ಲಿ ಗೋಡೆಯ ಬುಡದಲ್ಲಿ ಸಿಮೆಂಟು ಮೆತ್ತಿ ತೂತು ಮುಚ್ಚಿದ ಗುರುತು.

ಇದು ಬಾಣಂತಿ ಕೋಣೆಯಾಗಿತ್ತಲ್ಲ! ಅಜ್ಜಿ ಫಕೀರವ್ವ ಇದೇ ಮೂಲೆಯಲ್ಲಿ ಕಾಲು ಚಾಚಿ ಕುಳಿತು, ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆಯುತ್ತಿದ್ದಳು. ಆ ನೀರು ಹಿತ್ತಲಿಗೆ ಹೋಗಲು ಬಿಟ್ಟ ತೂತು ಅದು. ತಮ್ಮ ಹುಟ್ಟಿದ ಚಳಿಗಾಲದಲ್ಲಿ ಪುಟ್ಟ ಶಿವನಪ್ಪ ಹಿತ್ತಲಲ್ಲಿ ಬರಿಗಾಲಲ್ಲಿ ನಿಂತು, ಆ ಬಿಸಿನೀರು ಪಾದದ ಮೇಲೆ ಹರಿಯಲೆಂದು ಕಾಯುತ್ತಿದ್ದ. "ಬಂತೇನೋ?" ಎಂದು ಅಜ್ಜಿ ಒಳಗಿಂದ ಕೂಗುತ್ತಿದ್ದಳು.

ಉಳಿ ತಂದು ಸಿಮೆಂಟು ಒಡೆದ. ಮಶೀನನ್ನು ಸ್ಟೂಲಿಗೇರಿಸಿ, ಪೈಪನ್ನು ತೂತಿಗೆ ತೂರಿಸಿ, ಹಿತ್ತಲಿಗೆ ಹೋಗಿ ಚಪ್ಪಲಿ ಬಿಟ್ಟು ನಿಂತ.

"ಬಂತೇನ್ರಿ?" ಒಳಗಿಂದ ಪುಷ್ಪಾವತಿ ಕೂಗಿದಳು.

ಪಾದದ ಮೇಲೆ ಹನಿ ಬಿತ್ತು, ತಣ್ಣಗೆ.

"ಬಂತು" ಎಂದ ಶಿವನಪ್ಪ. ಕಾಲು ಮಾತ್ರ ತೆಗೆಯಲಿಲ್ಲ.