ಉದ್ಯೋಗ: ಇಲ್ಲ

“ಈಕಿದೇನ್ ಬರಕೋತೀರಿ ಸಾಹೇಬ್ರ. ಮನ್ಯಾಗ ಬಿದ್ದಿರ್ತಾಳ. ತಿಂತಾಳ, ಹೇಲ್ತಾಳ. ಮುಂದಿನಾಕಿಗಿ ಕರೀರಿ.”

ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಮಾಲೀಕ ಮಡಿವಾಳಯ್ಯ ತನ್ನ ಪಡಸಾಲೆಯಲ್ಲಿ ಕಾಲು ಚಾಚಿಕೊಂಡೇ ಹೇಳಿದ. ಪಕ್ಕದ ಮೇಜಿನಲ್ಲಿ ಯುನಿವರ್ಸಿಟಿಯ ಸಾಹೇಬರು ಫಾರಂ ತುಂಬುತ್ತಿದ್ದರು. ವಾಡಿ ಸ್ಟೇಶನ್ನಿನಲ್ಲಿ ಇಳಿದು ಶಹಾಬಾದ ಸೀಮೆಯ ಖಣಿಗಳನ್ನು ಒಂದೊಂದಾಗಿ ನೋಡುತ್ತ ಬಂದಿದ್ದರು. ಅವರು ಬರೆಯಬೇಕಾದದ್ದು ಖಣಿಯ ಹೆಣ್ಣುಮಕ್ಕಳ ಬದುಕಿನ ಮೇಲೆ. ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತ ಜಾನಬಿಯ ಕಂಕುಳಲ್ಲಿ ಒಂದು ಕೂಸು, ಬೆನ್ನಿನ ಜೋಳಿಗೆಯಲ್ಲಿ ಇನ್ನೊಂದು. ಎರಡೂ ಅವಳು ಹೆತ್ತವಲ್ಲ.

ಸಾಹೇಬರು ಅವಳನ್ನೇ ಕೇಳಿದರು, ಏನು ಕೆಲಸ ಮಾಡುತ್ತೀಯಮ್ಮ ಎಂದು.

“ಏನಿಲ್ರೀ, ಸುಮ್ನ ಮನ್ಯಾಗ ಇರ್ತೀನಿ.”

ಖಣಿಯ ಜನಕ್ಕೆ ಕೆಲಸವೆಂದರೆ ಕಲ್ಲು. ಕಲ್ಲು ಮುಟ್ಟದವರು ಸುಮ್ಮನೆ ಇರುವವರು. ಕಲ್ಲು ಹೊರುವ ಹೆಂಗಸರು ಕೂಡ, ಕೆಲಸವನ್ನು ಗಂಡ ಹೆಂಡಿರ ಜೋಡಿಗೆ ಗಂಡನ ಹೆಸರಲ್ಲೇ ಕೊಡುವುದರಿಂದ, ಗಂಡನ ಜೋಡಿ ಹೋಗುತ್ತೇವೆ ಎಂದಷ್ಟೇ ಹೇಳಿ ಇಳಿದುಹೋಗಿದ್ದರು.

ಜಾನಬಿಯ ಹಿಂದೆ ನಿಂತವಳು ದ್ರೌಪದಿ. ಹೊಲಗೇರಿಯವಳು, ನಾಲ್ಕನೇ ಇಯತ್ತೆ ಓದಿದವಳು, ಖಣಿಯ ಹೆಂಗಸರ ಸಂಘ ಕಟ್ಟಿದವಳು. ಕತ್ತು ಚಾಚಿ ಫಾರಂ ಓದಿದಳು. ಉದ್ಯೋಗ: ಇಲ್ಲ. ಗಂಡನ ಮೇಲೆ ಅವಲಂಬಿತಳು.

“ಯಕ್ಕಾ, ನೀ ಮಶಾಕಣ್ಣನ ದುಡಿಕಿ ಮ್ಯಾಲ ಕುಂತು ಉಣ್ತಿ ಅಂತ ಬರದಾರ ನೋಡು.”

ಮಶಾಕ ಉಳಿ ಕೆಳಗಿಟ್ಟು ವರ್ಷವಾಗಿತ್ತು. ಎದೆಯಲ್ಲಿ ಕಲ್ಲಿನ ಧೂಳು ಕೂತು, ಹೊರಸಿಗೆ ಅಂಟಿದ್ದ. ಅವನನ್ನು ಎಬ್ಬಿಸುವುದು, ತೊಳೆಯುವುದು, ಕಫದ ಬಟ್ಟಲು ಹಿಡಿಯುವುದು ಜಾನಬಿ. ಅದರ ನಡುವೆ ಎಂಟು ಕೂಸುಗಳು. ಕೂಸಿನ ತಾಯಂದಿರು ಕೊಡುವ ಹಿಡಿ ಜೋಳದಲ್ಲಿ ಅವಳ ಒಲೆ ಉರಿಯುತ್ತಿತ್ತು.

ಮೊದಲು ಆ ತಾಯಂದಿರು ಖಣಿಗೆ ಇಳಿಯುವ ಮುಂಚೆ ಕೂಸಿನ ನಾಲಿಗೆಗೆ ಸಾಸಿವೆಯಷ್ಟು ಅಫೀಮು ತಿಕ್ಕುತ್ತಿದ್ದರು. ಸಂಜೆಯವರೆಗೆ ಕೂಸು ಬಂಡೆಯ ನೆರಳಲ್ಲಿ ಮಲಗಿರುತ್ತಿತ್ತು. ಹೋದ ವರ್ಷ, ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ದ್ರೌಪದಿಯ ಮಗಳು ಸಂಜೆಯಾದರೂ ಏಳಲಿಲ್ಲ. ಮರುದಿನದಿಂದ ಜಾನಬಿ ಎಲ್ಲರ ಕೂಸುಗಳನ್ನು ತನ್ನ ಗುಡಿಸಲಿಗೆ ತಂದಳು. ಆದರೆ ಮೊನ್ನೆ ಮಶಾಕನನ್ನು ಎತ್ತಿ ಹಿಡಿದಿದ್ದಾಗ ಒಂದು ಕೂಸು ಅಂಬೆಗಾಲಿಡುತ್ತ ಖಣಿಯ ಅಂಚಿನವರೆಗೆ ಹೋಗಿತ್ತು. ಕೂಸುಗಳಿಗೊಂದು ಮನೆ ಬೇಕು, ನೋಡಿಕೊಳ್ಳಲು ಇನ್ನಿಬ್ಬರು ಬೇಕು ಎಂದು ಸಂಘ ಸರಕಾರಕ್ಕೆ ಅರ್ಜಿ ಕೊಟ್ಟಿತ್ತು. ಬೇಕೋ ಬೇಡವೋ ಸಾಹೇಬರ ರಿಪೋರ್ಟು ಹೇಳಲಿ ಎಂದು ಅಧಿಕಾರಿ ಅರ್ಜಿಯನ್ನು ಬದಿಗಿಟ್ಟಿದ್ದ. ಉದ್ಯೋಗ ಇಲ್ಲ ಎಂದು ಬರೆದರೆ ಕೂಸಿನ ಮನೆ ಇಲ್ಲ. ಮತ್ತೆ ಅಫೀಮೇ.

ಜಾನಬಿ ಮೆಟ್ಟಿಲು ಹತ್ತಿದಳು. ತಪ್ಪಿ ಹೇಳಿದೆ, ಮತ್ತೆ ಬರೆದುಕೊಳ್ಳಿ ಎಂದು ತನ್ನ ದಿನವನ್ನೆಲ್ಲ ಬಿಚ್ಚಿ ಹೇಳಿದಳು. ಸಾಹೇಬರು ತಾಳ್ಮೆಯಿಂದ ಕೇಳಿದರು. ಸಜ್ಜನರಂತೆ ನಕ್ಕರು.

“ಅದು ಪ್ರೀತಿ ತಾಯಿ. ಪ್ರೀತಿಯಿಂದ ಮಾಡೋದನ್ನ ಕೆಲಸ ಅನ್ನೋಕಾಗಲ್ಲ. ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ.”

ಮಡಿವಾಳಯ್ಯ ಎಲೆಯಡಿಕೆ ಉಗುಳಿದ. “ಪ್ರೀತಿ ಮಾಡ್ಲಿಕ್ಕ ಪಗಾರ ಕೇಳ್ತಾಳಂತ. ಅಂಥಾಕಿಗಿ ಏನಂತಾರ, ನಿನಗ ಗೊತ್ತದ ಇಲ್ಲೋ?”

ಹಿಂದೆ ನಿಂತ, ಆಳುಗಳ ಮೇಲ್ವಿಚಾರಣೆಯ ಮುಕಾದಮರು ಕಿಸಕ್ಕೆಂದರು. ಸಾಹೇಬರು ತಲೆ ಎತ್ತದೆ ಹಾಳೆ ಮಗುಚಿದರು.

“ನಿನ್ನ ಹೆಣ ಎತ್ಲಿ, ಬಾಡ್ಯಾ,” ಎಂದು ದ್ರೌಪದಿ ನುಗ್ಗಿದಳು. ಜಾನಬಿ ಅವಳ ರಟ್ಟೆ ಹಿಡಿದು ಇಳಿಸಿಕೊಂಡು ಬಂದಳು. ಹಿಡಿತ ಬಿಗಿಯಾಗಿ ಕಂಕುಳಲ್ಲಿದ್ದ ಕೂಸು ಅಳತೊಡಗಿತು.

ಗುಡಿಸಲಿಗೆ ಬಂದು ಮಶಾಕನಿಗೆ ಎಲ್ಲವನ್ನೂ ಹೇಳಿದಳು, ಮಾಲೀಕನ ಆ ಮಾತೊಂದನ್ನು ಬಿಟ್ಟು. ನಾಳೆ ಕೂಸುಗಳನ್ನೆಲ್ಲ ಒಯ್ದು ಆ ಪಡಸಾಲೆಯಲ್ಲಿ ಬಿಟ್ಟು ಬರುತ್ತೇನೆ ಎಂದಳು. ಮಶಾಕ ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

“ಕೂಸುಗೋಳಷ್ಟೇ ಯಾಕ. ನನಗೂ ಒಯ್ದು ಒಗಿ ಅಲ್ಲಿ.”

“ನಿಮಗ ಏನರ ಆದ್ರ?”

“ಇಲ್ಲಿದ್ರ ಆಗಂಗಿಲ್ಲೇನ್?”

ಮರುದಿನ ಬೆಳಿಗ್ಗೆ ಸಾಹೇಬರು ಅದೇ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ನಾಲ್ವರು ಹೆಂಗಸರು ಹೊರಸು ಹೊತ್ತು ಮೆಟ್ಟಿಲು ಹತ್ತಿದರು. ಲಿಂಗಪೂಜೆ ಮುಗಿಸಿ ಹೊರಬಂದ ಮಡಿವಾಳಯ್ಯ ತನ್ನ ಪಡಸಾಲೆಯ ಮೇಲೆ ಸಾಬನ ಹೊರಸು ಕಂಡು ಕೂಗಾಡಿದ. ಎತ್ತಿ ಒಗೆಯಲು ಮಾತ್ರ ಹತ್ತಿರ ಬರಲಿಲ್ಲ. ಹೊರಸಿನ ಕೆಳಗೆ ಕಫದ ಬಟ್ಟಲಿತ್ತು, ಅದರಲ್ಲಿ ರಕ್ತವಿತ್ತು. ಹಿಂದಿನಿಂದ ತಾಯಂದಿರ ಕಂಕುಳಲ್ಲಿ ಎಂಟು ಕೂಸುಗಳು ಬಂದವು. ಒಂದನ್ನು ಮೇಜಿನ ಮೇಲೆ, ಫಾರಂಗಳ ನಡುವೆಯೇ ಕೂಡಿಸಿದರು.

ಜಾನಬಿ ಸಾಹೇಬರೆದುರು ನಿಂತಳು. ದನಿ ಏರಿಸಲಿಲ್ಲ.

“ಈಕಿಗಿ ಹಾಲಾಗ ಬಟ್ಟಿ ಅದ್ದಿ ಚೀಪಸಬೇಕ್ರಿ, ಬಟ್ಟಲಲೆ ಕುಡಸಿದ್ರ ಕಾರ್ತಾಳ. ಇವ ಕಲ್ಲಪುಡಿ ತಿಂತಾನ, ಬಾಯಾಗ ಬೆರಳ ಹಾಕಿ ತಗೀರಿ. ಇವ್ರಿಗಿ ಕೆಮ್ಮ ಬಂದ್ರ ಬೆನ್ನಿಗಿ ಎದಿ ಕೊಟ್ಟು ಎಬ್ಬಿಸಿ ಕುಂದ್ರಸ್ರಿ, ಬಿಟ್ರ ಉಸಿರ ಕಟ್ತದ. ಹೊತ್ತ ಮುಳಗೂದ್ರಾಗ ಬರ್ತೀನಿ. ಕೆಲಸ ಏನಲ್ರಿ. ಪ್ರೀತಿಲಿಂದ ಮಾಡ್ರಿ.”

ಸಾಹೇಬರು ಎದ್ದು ನಿಂತು, ತಮಗೆ ಇದೆಲ್ಲ ಬರುವುದಿಲ್ಲ ಎಂದರು.

“ನಮಗ ಯಾವ ಸಾಲ್ಯಾಗ ಕಲ್ಸಿದ್ರು?” ಎಂದಳು ದ್ರೌಪದಿ.

ಸಂಜೆಯೊಳಗೆ ಎಲ್ಲರ ಗುಡಿಸಲು ಕೀಳಿಸುತ್ತೇನೆ ಎಂದು ಮಡಿವಾಳಯ್ಯ ಕೂಗುತ್ತಿದ್ದಂತೆಯೇ ಹೆಂಗಸರು ಇಳಿದು ನಡೆದರು. ವರ್ಷದ ಮೇಲೆ ಜಾನಬಿ ಮತ್ತೆ ಖಣಿಗೆ ಇಳಿದಳು. ಫರಸಿಯ ಒಂದು ತುದಿಗೆ ದ್ರೌಪದಿ ಕೈ ಹಾಕಿದಳು, ಇನ್ನೊಂದಕ್ಕೆ ಅವಳು.

ಆಗ ಮೇಲಿನಿಂದ ಕೆಮ್ಮು ಕೇಳಿತು. ಸಣ್ಣ ಕೆಮ್ಮಲ್ಲ, ಬುಡದಿಂದ ಕಿತ್ತು ಬರುವುದು, ಹಿಡಿದು ಕೂಡಿಸಲೇಬೇಕಾದದ್ದು. ಅದರ ಮೇಲೆಯೇ ಕೂಸಿನ ಚೀರಾಟ, ಕುರ್ಚಿ ಉರುಳಿದ ಸದ್ದು. ಯಾರಾದರೂ ಬನ್ನಿ ಎಂದು ಸಾಹೇಬರು ಕರೆಯುತ್ತಿದ್ದರು. ಖಣಿಯಲ್ಲಿ ಸುತ್ತಿಗೆಗಳು ಒಂದೊಂದಾಗಿ ನಿಂತವು. ಹೆಂಗಸರೆಲ್ಲ ಜಾನಬಿಯ ಮುಖ ನೋಡಿದರು.

ಅವಳ ಒಂದು ಕಾಲು ಆಗಲೇ ದಾರಿಯ ಕಡೆ ತಿರುಗಿತ್ತು. ಅದನ್ನು ಎಳೆದು ತಂದು ಬಂಡೆಗೆ ಒತ್ತಿ ನಿಂತಳು.

“ಎತ್ತು,” ಎಂದಳು ದ್ರೌಪದಿಗೆ.

ಫರಸಿ ನೆಲ ಬಿಟ್ಟಿತು. ಮೇಲೆ ಕೆಮ್ಮು ನಿಂತಿತು. ಹಿಡಿದು ಕೂಡಿಸಿದ್ದಕ್ಕೋ, ಬಿಟ್ಟದ್ದಕ್ಕೋ, ಕೆಳಗಿನಿಂದ ಕಾಣುತ್ತಿರಲಿಲ್ಲ.