ದಿವಾಕರ ತಂದ ಗಾಳಿ

ಮೆಲ್ಬರ್ನ್‌ನ ಆ ವಿಶ್ವವಿದ್ಯಾಲಯದ ಆಟದ ಹಾಲ್‌ಗೆ ಗಾಳಿ ತಂದವನೇ ತಾನು ಎಂದು ದಿವಾಕರ ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಂಡಿದ್ದ. ಈಗ ಆ ಮಾತನ್ನು ನುಂಗುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದ.

ನಡೆದದ್ದಿಷ್ಟು. ಹಳೆಯ ಹಾಲ್ ಕೆಡವಬೇಕೋ, ದುರಸ್ತಿ ಮಾಡಿ ದೊಡ್ಡದು ಮಾಡಬೇಕೋ ಎಂದು ಕೇಳಲು ವಿಶ್ವವಿದ್ಯಾಲಯದವರು ಒಂದು ಸಭೆ ಕರೆದರು. ಶನಿವಾರ ಶನಿವಾರ ಊರಂಚಿನ ವೆರಿಬೀಯ ತನ್ನ ಮನೆಯಿಂದ ಹೋಗಿ ಅಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದ ಇವನಿಗೂ ಕರೆ ಬಂತು. ಬದುಕಿಡೀ ಚರಂಡಿ ಪೈಪು ಕೂಡಿಸಿ ರಿಟೈರ್ ಆದ ಮೈಸೂರಿನ ಎಂಜಿನಿಯರ್ ಅವನು. ಗಾಳಿಯ ವಿಷಯದಲ್ಲಿ ಅವನಿಗಿದ್ದ ತಿಳಿವಳಿಕೆ, ಬೇಸಿಗೆಯಲ್ಲಿ ಬೇಕು, ಚಳಿಯಲ್ಲಿ ಬೇಡ ಎಂಬಷ್ಟೇ. ಆದರೂ ಮೈಕ್ ಕೈಗೆ ಸಿಕ್ಕಿತಲ್ಲ, ಬಿಟ್ಟಾನೆಯೇ? ಹಳೆಯದನ್ನು ಕೆಡವಬೇಡಿ, ಎ.ಸಿ. ಕಿತ್ತುಹಾಕಿ, ಮೇಲೆ ಸಾಲಾಗಿ ಕಿಟಕಿ ಇಡಿ, ಕಟ್ಟಡ ಉಸಿರಾಡಲಿ, ಮೈಸೂರಿನ ನಮ್ಮ ಮನೆಯಲ್ಲಿ ಎ.ಸಿ. ಇಲ್ಲದೆ ಯಾರೂ ಸತ್ತಿಲ್ಲ ಎಂದೆಲ್ಲ ಭಾಷಣ ಬಿಗಿದ. ಚಪ್ಪಾಳೆಯೋ ಚಪ್ಪಾಳೆ. ಇಪ್ಪತ್ತು ವರ್ಷ ಶಟಲ್ ಆಡಿದ ಆ ಮಹಾನುಭಾವನಿಗೆ, ಶಟಲ್ ಗಾಳಿಗೆ ಹಾರುತ್ತದೆ ಎಂಬುದು ಮಾತ್ರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಅವರು ಅಕ್ಷರಶಃ ಹಾಗೆಯೇ ಕಟ್ಟಿದರು. ಒಳಗೆ ಜನರ ಉಸಿರು ಹೆಚ್ಚಿದಷ್ಟೂ ಕಿಟಕಿಗಳು ತಾವಾಗಿಯೇ ಅಗಲವಾಗಿ ತೆರೆಯುತ್ತವೆ. ಬಾಗಿಲ ಪಕ್ಕದ ಗೋಡೆಯ ಮೇಲೆ ದಿವಾಕರನ ದೊಡ್ಡ ಫೋಟೋ, ಕೆಳಗೆ ಅವನದೇ ಮಾತು. ಮೊದಲ ದಿನ ಅವನು ಮಾಡಿದ ಮೊದಲ ಸರ್ವಿಸ್ ಪಕ್ಕದ ಕೋರ್ಟಿಗೆ ಹೋಗಿ ಬಿತ್ತು.

"ಕಟ್ಟಡ ಉಸಿರಾಡ್ತಿದೆ," ಎಂದಳು ಹೆಂಡತಿ ಜಾನಕಿ. "ಸ್ವಲ್ಪ ಕೆಮ್ಮೂ ಇದೆ ಅನ್ಸುತ್ತೆ."

ಇದೆಲ್ಲ ನಕ್ಕು ಮರೆಯಬಹುದಾಗಿತ್ತು. ಆದರೆ ವರ್ಷಕ್ಕೊಮ್ಮೆ ಸಿಡ್ನಿ ಕನ್ನಡಿಗರಿಗೂ ಮೆಲ್ಬರ್ನ್ ಕನ್ನಡಿಗರಿಗೂ ನಡೆಯುವ ಪಂದ್ಯ ಈ ಸಲ ಇದೇ ಹಾಲ್‌ನಲ್ಲಿತ್ತು. ಹಿರಿಯರ ಸಿಂಗಲ್ಸ್‌ನಲ್ಲಿ ದಿವಾಕರನ ಎದುರಾಳಿ ಯಾವಾಗಲೂ ಸಿಡ್ನಿಯ ಗಿರಾವೀನ್ ಬಡಾವಣೆಯ ಪಂಚಾಕ್ಷರಯ್ಯ, ಹುಬ್ಬಳ್ಳಿಯ ಗಟ್ಟಿ ಕುಳ. ಅವನ ವಿರುದ್ಧ ದಿವಾಕರ ಇದುವರೆಗೆ ಒಂದು ಸಲವೂ ಗೆದ್ದಿಲ್ಲ. ಮುಂದಿನ ತಿಂಗಳು ಬಲ ಮಂಡಿಗೆ ಆಪರೇಷನ್. ಆಮೇಲೆ ಸಿಂಗಲ್ಸ್ ಮರೆತುಬಿಡಿ ಎಂದು ಡಾಕ್ಟರ್ ಹೇಳಿಯಾಗಿತ್ತು. ಗೆದ್ದರೆ ಈ ಸಲ, ಇಲ್ಲದಿದ್ದರೆ ಇನ್ನಿಲ್ಲ. ಈ ಆಸೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಅವಳಿಗೆ ಗೊತ್ತಿತ್ತು ಅಷ್ಟೇ.

ಅವನು ಗುಟ್ಟಾಗಿ ಗಾಳಿಯಲ್ಲೇ ಅಭ್ಯಾಸ ಮಾಡಿದ. ಕೋರ್ಟಿನ ಎಡಗೆರೆಗೆ ಗುರಿಯಿಟ್ಟರೆ ಶಟಲ್ ನಡುವೆ ಬೀಳುತ್ತದೆ ಎಂದು ಕಂಡುಕೊಂಡ. ತಾನೇ ತಂದ ಗಾಳಿ, ತನಗಲ್ಲದೆ ಇನ್ನಾರಿಗೆ ಒಲಿದೀತು ಎಂದು ಬೀಗಿದ.

ಪಂದ್ಯದ ದಿನ ಮೊದಲ ಆಟ ಅವನದೇ ಆಯಿತು. ಪಂಚಾಕ್ಷರಯ್ಯ ಶಟಲನ್ನು ತಿರುಗಿಸಿ ಮುರುಗಿಸಿ ನೋಡಿದ. ಅಷ್ಟರಲ್ಲಿ ಗಿರ್ಮಿಟ್, ಮಿರ್ಚಿ ಭಜಿ ತಟ್ಟೆ ಹಿಡಿದು ಜನ ಒಳಗೆ ತುಂಬಿದರು. ಅಭ್ಯಾಸದ ದಿನಗಳಲ್ಲಿ ಹಾಲ್‌ನಲ್ಲಿ ಇರುತ್ತಿದ್ದವರು ನಾಲ್ಕು ಜನ. ಇಂದು ಊರಿಗೆ ಊರೇ ಉಸಿರಾಡುತ್ತಿತ್ತು. ಕಿಟಕಿಗಳು ಒಂದೊಂದಾಗಿ ಪೂರ್ತಿ ಬಾಯಿ ತೆರೆದವು. ದಿವಾಕರ ಎಡಗೆರೆಗೆ ಹೊಡೆದ ಶಟಲ್ ಬಲಗಡೆ ಕೂತಿದ್ದ ಹೆಂಗಸೊಬ್ಬಳ ಗಿರ್ಮಿಟ್‌ಗೆ ಬಿತ್ತು. ಎರಡನೆಯ ಆಟ ಹೋಯಿತು. ಮೂರನೆಯದರ ನಡುವೆ ಇಬ್ಬರೂ ಸಮ ಸಮ.

ಪಂಚಾಕ್ಷರಯ್ಯ ಸೊಂಟದ ಮೇಲೆ ಕೈಯಿಟ್ಟು ನಿಂತ. "ದಿವಾಕರ್ ಅವರ, ಈ ಕಿಡಕಿ ಮುಚ್ಚಾಕ ಬರೂದಿಲ್ಲೇನ್ರಿ? ನಾ ಬ್ಯಾಡ್ಮಿಂಟನ್ ಆಡಾಕ ಬಂದೀನಿ, ಗಾಳಿಪಟಾ ಹಾರ್ಸಾಕಲ್ಲ."

ಬರುತ್ತದೆ. ಗೋಡೆಯ ಮೇಲೆ ಸ್ವಿಚ್ ಇದೆ. ಬಂದವರಿಗೆಲ್ಲ ಅದನ್ನು ತೋರಿಸಿದವನೂ ಇವನೇ. ಒತ್ತಿದರೆ ತನ್ನ ಮಾತು ತಪ್ಪೆಂದು ಇಡೀ ಎರಡು ಊರಿನ ಮುಂದೆ ಒಪ್ಪಿಕೊಂಡಂತೆ, ಅದೂ ತನ್ನದೇ ಫೋಟೋದ ಎದುರಿಗೆ. ಒತ್ತದಿದ್ದರೆ ಈ ಕೊನೆಯ ಅವಕಾಶ ಗಾಳಿಪಾಲು.

ಜಾನಕಿ ಎದ್ದು ಹೋಗಿ, ಹೆಗಲ ಮೇಲಿನ ಶಾಲು ತೆಗೆದು ಫೋಟೋ ಮೇಲೆ ಹೊದಿಸಿದಳು. "ಒತ್ರೀ, ಅವರೇನೂ ನೋಡ್ತಿಲ್ಲ."

ಒತ್ತಿದ. ಕಿಟಕಿಗಳು ಮುಚ್ಚಿದವು. ಆವತ್ತಿನ ಭಾಷಣಕ್ಕೂ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಈಗ ಶಟಲ್ ಹೊಡೆದಲ್ಲಿಗೇ ಹೋಗತೊಡಗಿತು. ಅದೇ ಎಡವಟ್ಟಾದದ್ದು, ದಿವಾಕರ ಹೊಡೆದಲ್ಲಿ ಪಂಚಾಕ್ಷರಯ್ಯ ಮೊದಲೇ ಬಂದು ನಿಂತಿರುತ್ತಿದ್ದ. ಇದುವರೆಗೆ ಶಟಲ್ ಎಲ್ಲಿ ಬೀಳುತ್ತದೆಂದು ಅವನಿಗೆ ತಿಳಿಯದೇ ಹೋಗಿದ್ದರೆ, ಅದು ದಿವಾಕರನಿಗೂ ತಿಳಿದಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಆಟ ಬೇಗ ಮುಗಿಯಿತು.

"ಗಾಳಿ ಇದ್ದಿದ್ರ ನೀವ ಗೆಲ್ತಿದ್ರಿ ನೋಡ್ರಿ," ಎಂದ ಪಂಚಾಕ್ಷರಯ್ಯ, ಕೈ ಕುಲುಕುತ್ತ. ಅಣಕವಲ್ಲ, ಮನಸಾರೆ ಹೇಳಿದ್ದು.

ದಿವಾಕರ ಬೆಂಚಿನ ಮೇಲೆ ಕುಸಿದ. ಸಿಡ್ನಿಯಲ್ಲಿ ಸೋತಾಗ ಅಲ್ಲಿನ ಲೈಟನ್ನು ಬೈದಿದ್ದ, ಇಲ್ಲಿ ಸೋತಾಗ ಹಳೆಯ ನೆಲವನ್ನು. ಇಂದು ಬೈಯಲು ಗಾಳಿಯೂ ಇರಲಿಲ್ಲ, ಅದನ್ನೂ ತನ್ನ ಕೈಯಾರೆ ಮುಚ್ಚಿ ಬಂದಿದ್ದ. ಅಳು ಬಂತು. ಬೆವರು ಒರೆಸುವ ನೆಪದಲ್ಲಿ ಟವೆಲ್ ಮುಖಕ್ಕೆ ಒತ್ತಿಕೊಂಡ.

ಸ್ವಲ್ಪ ಹೊತ್ತಿಗೆ ಜನ ತಟ್ಟೆಯಲ್ಲೇ ಗಾಳಿ ಬೀಸಿಕೊಳ್ಳತೊಡಗಿದರು. "ಅಂಕಲ್, ಸೆಕೆ ತಡೆಯಕ್ಕಾಗ್ತಿಲ್ಲ, ಕಿಟಕಿ ಓಪನ್ ಮಾಡಿ," ಎಂದು ಯಾರೋ ಕೂಗಿದರು. ಕುಂಟುತ್ತ ಹೋಗಿ ಸ್ವಿಚ್ ಒತ್ತಿದ. ತಿರುಗಿ ನೋಡಿದರೆ ಪಂಚಾಕ್ಷರಯ್ಯ ಬ್ಯಾಟ್ ಹಿಡಿದು ಕೋರ್ಟಿನಲ್ಲೇ ನಿಂತಿದ್ದ.

"ಬರ್ರಿ, ಲೆಕ್ಕಕ್ಕ ಇಲ್ಲದ್ದು ಒಂದಾಟ."

ದಿವಾಕರ ಎಡಗೆರೆಗೆ ಹೊಡೆದ. ಶಟಲ್ ಮೇಲೇರಿ, ಓಲಾಡಿ, ಪಂಚಾಕ್ಷರಯ್ಯನ ಬ್ಯಾಟಿನ ಅಂಚಿನಲ್ಲೇ ಜಾರಿ ಕೆಳಗೆ ಬಿತ್ತು. ಮತ್ತೆ ಹೊಡೆದ, ಮತ್ತೆ ಬಿತ್ತು. ಆ ಹುಬ್ಬಳ್ಳಿಯ ಪುಣ್ಯಾತ್ಮ ಬೇಕೆಂದೇ ಬಿಡುತ್ತಿದ್ದನೋ ಏನೋ. ದಿವಾಕರ ಕೇಳಲು ಹೋಗಲಿಲ್ಲ. ಗಾಳಿಯದೇ ಕೆಲಸ ಎಂದುಕೊಂಡು ಮುಂದಿನ ಸರ್ವಿಸ್ ಮಾಡಿದ.